ಸ್ಪಿಟ್‌ಫೈರ್‌ಗೆ ಜಿಪ್ಸಿ ಇಂಜಿನ್ ಕೂತಿದೆ, ಲೆಕ್ಕ ಮಾತ್ರ ಕೂರುತ್ತಿಲ್ಲ

ಚಾಮರಾಜಪೇಟೆ_ಶೆಡ್ | ಫೆಬ್ರವರಿ 4

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದವನು ನಾನು. ಈಗ ಬಾಯಿ ಬಿಡಲೇಬೇಕಾಗಿದೆ.

ಗಾಡಿ 1965ರ ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 2. ಕುಕ್ ಟೌನ್‌ನ ಹಳೇ ಬಂಗಲೆಯೊಂದರಲ್ಲಿ ಮಾವಿನ ಮರದ ಕೆಳಗೆ ನಿಂತಿತ್ತು. ಮೈಸೂರು ರಾಜ್ಯದ ಕಾಲದ ಎಂವೈ ನಂಬರು. ಸೀಟಿನೊಳಗೆ ಹೆಗ್ಗಣಗಳು ಸಂಸಾರ ಹೂಡಿದ್ದವು. ಈ ಗಾಡಿಯಲ್ಲಿ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತದೆ. ಎತ್ತಿ ನೋಡಿದರೆ ಒಳಗಿದ್ದದ್ದು ಸ್ಪಿಟ್‌ಫೈರ್ ಇಂಜಿನ್ನೇ ಅಲ್ಲ, ಸ್ಟ್ಯಾಂಡರ್ಡ್ ಹೆರಾಲ್ಡ್‌ನ 948 ಸಿಸಿ.

ಹುಟ್ಟಿದಾಗ ಇದಕ್ಕಿದ್ದದ್ದು 1147 ಸಿಸಿ, ಎರಡು ಎಸ್‌ಯು ಕಾರ್ಬ್ಯುರೇಟರ್, 67 ಎಚ್‌ಪಿ. ಹೆರಾಲ್ಡ್ ನಮ್ಮ ಪಕ್ಕದ ಮದರಾಸಿನಲ್ಲೇ ತಯಾರಾಗುತ್ತಿದ್ದ ಗಾಡಿ, 1961ರಿಂದ. ಎರಡೂ ಒಂದೇ ವಂಶದ ಇಂಜಿನ್. ಆಮದು ಸಾಮಾನು ಕಣ್ಣಿಗೂ ಬೀಳದ ಆ ಕಾಲದಲ್ಲಿ ಯಾರೋ ಇದ್ದದ್ದನ್ನು ಕೂರಿಸಿ ಓಡಿಸಿದ್ದಾರೆ. ಅವರನ್ನು ಬೈಯುವ ಮನಸ್ಸಿಲ್ಲ. ಆರ್‌ಸಿ ಪುಸ್ತಕದಲ್ಲಿ ಹೆರಾಲ್ಡ್ ಇಂಜಿನ್ ನಂಬರನ್ನು ಕೈಬರಹದಲ್ಲಿ, ಸೀಲು ಹೊಡೆಸಿ ಸೇರಿಸಿಯೂ ಇದ್ದಾರೆ. ನನಗಿಂತ ಶಿಸ್ತಿನ ಮನುಷ್ಯರು.

ಆ ಇಂಜಿನ್ ತಿರುಗುತ್ತಿರಲಿಲ್ಲ. ಡೀಸೆಲ್ ಸುರಿದು ಎರಡು ವಾರ ಬಿಟ್ಟರೂ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಮಾರುತಿ ಜಿಪ್ಸಿಯ 1298 ಸಿಸಿ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಇಂಜಿನ್ ಮತ್ತು ಅದರದ್ದೇ ಐದು ಗೇರಿನ ಬಾಕ್ಸ್ ತಂದು ಕೂರಿಸಿದೆ. 80 ಎಚ್‌ಪಿ. ಅಲ್ಯುಮಿನಿಯಂ ಬ್ಲಾಕ್, ಹಾಗಾಗಿ ಮುಂದಿನ ಭಾರವೂ ಇಳಿಯಿತು. ಸಾಮಾನು ಬೇಕೆಂದರೆ ಜೆ.ಸಿ. ರಸ್ತೆಗೆ ನಡೆದುಕೊಂಡೇ ಹೋಗಿ ತರಬಹುದು.

ಇಂಜಿನ್ ಸ್ಟಾರ್ಟ್ ಆಗುತ್ತದೆ. ದೊಡ್ಡಬಳ್ಳಾಪುರದ ಕಡೆ ಸ್ನೇಹಿತರ ಲೇಔಟ್ ಇದೆ. ಇನ್ನೂ ಮನೆಗಳಿಲ್ಲ, ಬರೀ ಟಾರು ರಸ್ತೆ, ಗೇಟು ಹಾಕಿದೆ. ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗಿ ಅಲ್ಲೇ ಓಡಿಸಿ ನೋಡುತ್ತಿದ್ದೇನೆ. ಮೂರು ತಲೆನೋವು:

ಒಂದು, ನಾಲ್ಕನೇ ಗೇರಿನಲ್ಲಿ ಫೋನಿನ ಜಿಪಿಎಸ್ 40 ಕಿ.ಮೀ. ತೋರಿಸುವಾಗ, ಬೇರೆ ಮೀಟರ್ ಸಿಕ್ಕಿಸಿ ನೋಡಿದರೆ ಇಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತಿದೆ. ಏನೋ ಅವಸರದಲ್ಲಿದ್ದ ಹಾಗೆ. ಎರಡು, ಸ್ಪೀಡೋಮೀಟರ್ ಕೇಬಲ್ ಸಿಕ್ಕಿಸಲು ಜಾಗವೇ ಇಲ್ಲ. ಮೂರು, ನಿಂತಲ್ಲೇ ಇಪ್ಪತ್ತು ನಿಮಿಷ ಬಿಟ್ಟರೆ ಕುದಿಯುತ್ತದೆ.

ಜೋಡಿ_ಎಸ್‌ಯು | ಫೆಬ್ರವರಿ 4

ನಾನು ಹಳೇ ಕಾಲದವನು, ಬೇಜಾರು ಮಾಡಿಕೊಳ್ಳಬೇಡಿ. ಸ್ಪಿಟ್‌ಫೈರ್‌ಗೆ ಜಿಪ್ಸಿ ಇಂಜಿನ್ ಎಂದರೆ ಮೈಸೂರು ಪೇಟದ ಕೆಳಗೆ ಹೆಲ್ಮೆಟ್ ಹಾಕಿದ ಹಾಗೆ. 1147 ಹುಡುಕಬಹುದಿತ್ತು. ಇಂಗ್ಲೆಂಡಿನಲ್ಲಿ ಟ್ರಯಂಫ್ ಬಿಡಿಭಾಗ ಇವತ್ತಿಗೂ ಹೊಸದಾಗಿ ಸಿಗುತ್ತದೆ. ಗ್ಯಾಸ್ಕೆಟ್ ಸೆಟ್‌ನಿಂದ ಹಿಡಿದು ಪಿಸ್ಟನ್ ತನಕ.

ಇನ್ನೊಂದು ಮಾತು. ಈ ವಂಶದ ಇಂಜಿನ್ ಹಿಡಿದುಕೊಂಡಿತು ಎಂದರೆ ಪಿಸ್ಟನ್ ಓಡುವ ಬೋರ್ ಒಂದನ್ನೇ ನೋಡಿ ಬಿಡಬಾರದು. ಕ್ರ್ಯಾಂಕ್ ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದು ಕೆಳಗಿನ ಎಣ್ಣೆ ಚೇಂಬರಿಗೆ ಬಿದ್ದಿದೆಯಾ ನೋಡಿದಿರಾ? ಇದರ ಹುಟ್ಟು ರೋಗ ಅದು. ಓಡುವ ಗಾಡಿಯಾದರೆ ಒಬ್ಬರು ಕ್ಲಚ್ ತುಳಿಯಬೇಕು, ಇನ್ನೊಬ್ಬರು ಮುಂದಿನ ಪುಲ್ಲಿ ನೋಡಬೇಕು. ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಸರಿದರೆ ಅಲ್ಲಿಗೆ ಓಡಿಸುವುದನ್ನು ನಿಲ್ಲಿಸಬೇಕು. ಹಾಗೇ ಓಡಿಸಿದರೆ ಕ್ರ್ಯಾಂಕ್ ಬ್ಲಾಕನ್ನೇ ತಿನ್ನುತ್ತದೆ. ಆಮೇಲೆ ಅದು ಬಾಗಿಲಿಗೆ ಒರಗಿಸುವ ಕಲ್ಲು ಅಷ್ಟೇ.

ಚಾಮರಾಜಪೇಟೆ_ಶೆಡ್ | ಫೆಬ್ರವರಿ 5

ಸರ್, ಚೇಂಬರ್ ಬಿಚ್ಚಿದಾಗ ಅರ್ಧ ಚಂದ್ರದ ಆಕಾರದ ತುಂಡು ಒಂದು ಸಿಕ್ಕಿತ್ತು. ಏನಿದು ಎಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಈಗ ಗೊತ್ತಾಯಿತು. ಇಂಜಿನ್ ಎಸೆದಿಲ್ಲ. ಗೋಣಿ ಸುತ್ತಿ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ.

1147 ಯೋಚಿಸಿದ್ದೆ. ಆದರೆ ನನಗೆ ಇದು ಬರೀ ಮೆರವಣಿಗೆ ಗಾಡಿ ಆಗಬಾರದು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗಬೇಕು. ಹಾಗಂತ ಚಾಸಿಗೆ ಕೈ ಹಚ್ಚಿಲ್ಲ. ಟ್ರಯಂಫ್‌ನ ಹಳೇ ತೂತುಗಳಿಗೇ ಬೋಲ್ಟ್ ಆಗುವ ಬ್ರ್ಯಾಕೆಟ್ ಮಾಡಿಸಿ, ಮೇಲೆ ಜಿಪ್ಸಿಯ ಫೌಂಡೇಶನ್ ರಬ್ಬರ್ ಕೂರಿಸಿದ್ದೇನೆ. ನಾಳೆ ನನ್ನ ಮಗಳಿಗೆ ನಿಮ್ಮಂಥ ಮನಸ್ಸು ಬಂದರೆ ಎಲ್ಲ ಬಿಚ್ಚಿ 1147 ಹಾಕಿಕೊಳ್ಳಬಹುದು.

ಆರ್‌ಸಿ_ಪುಸ್ತಕ | ಫೆಬ್ರವರಿ 5

ಯಾರೂ ಕೇಳಲಿಲ್ಲ, ನಾನೇ ಕೇಳುತ್ತೇನೆ. ಅನುಮತಿ ತಗೊಂಡಿದ್ದೀರಾ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಇಂಜಿನ್ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು. ಮೊದಲು ಅನುಮತಿ, ಆಮೇಲೆ ಸ್ಪ್ಯಾನರ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಬಿಗಿಯಾಗಿಯೇ ಹೇಳಿದೆ: ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ ಎಂದು. ಬೇರೆ ಕಂಪನಿಯ, ಬೇರೆ ಅಳತೆಯ ಇಂಜಿನ್ ಎಂದರೆ ಸಲೀಸಾಗಿ ಆಗುವ ಕೆಲಸ ಎಂದುಕೊಳ್ಳಬೇಡಿ.

ಇನ್ನು ವಿಂಟೇಜ್ ನೋಂದಣಿ. 2021ರ ಜುಲೈನಲ್ಲಿ ಕೇಂದ್ರದ ನಿಯಮ ಬಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಊರ್ಜಿತ. ನಿಮ್ಮ ಗಾಡಿಗೆ ವಯಸ್ಸು ಆಗಿದೆ. ಆದರೆ ಚಾಸಿ, ಬಾಡಿ, ಇಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬುದೂ ಅದೇ ನಿಯಮದಲ್ಲಿದೆ. ಜಿಪ್ಸಿ ಇಂಜಿನ್ ಹಾಕಿದ ಮೇಲೆ ಆ ಬಾಗಿಲು ಮುಚ್ಚಿದಂತೆಯೇ. ಅಷ್ಟಕ್ಕೂ ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ನೀವು ಕೇಳುತ್ತಿರುವುದು ಅದನ್ನಲ್ಲ, ಅಲ್ವಾ?

ವಿಮೆ ಕಂಪನಿಗೂ ಬರೆದು ತಿಳಿಸಿ. ಆರ್‌ಸಿಯಲ್ಲಿ ಒಂದು ಇಂಜಿನ್, ಬಾನೆಟ್ ಕೆಳಗೆ ಇನ್ನೊಂದು ಎಂದರೆ ಅಪಘಾತವಾದ ದಿನ ನಿಮ್ಮ ಪರ ಯಾರೂ ಮಾತಾಡುವುದಿಲ್ಲ.

ಚಾಮರಾಜಪೇಟೆ_ಶೆಡ್ | ಫೆಬ್ರವರಿ 6

ಅರ್ಜಿ ಕೊಟ್ಟಿದ್ದೇನೆ ಸರ್. ಇಂಜಿನ್ ಖರೀದಿಯ ರಸೀದಿ, ಅದು ಬಂದ ಗಾಡಿಯ ನೋಂದಣಿ ರದ್ದಾದ ಕಾಗದ, ಬ್ರ್ಯಾಕೆಟ್ ನಕ್ಷೆ ಎಲ್ಲ ಇಟ್ಟು. ಉತ್ತರ ಬರುವ ತನಕ ರಸ್ತೆಗೆ ಇಳಿಸುವುದಿಲ್ಲ. ಬೇಡ ಎಂದರೆ ಮೆಟ್ಟಿಲ ಕೆಳಗಿನವನು ವಾಪಸ್ ಬರುತ್ತಾನೆ. ಅದಕ್ಕೇ ಚಾಸಿ ಮುಟ್ಟಲಿಲ್ಲ.

ಬನಶಂಕರಿ_ಹೊಸಬ | ಫೆಬ್ರವರಿ 6

ಅಣ್ಣಾ, ಬೆಂಕಿ ಪ್ರಾಜೆಕ್ಟ್! ಒಟ್ಟು ಎಷ್ಟು ಖರ್ಚಾಯಿತು?

ಚಾಮರಾಜಪೇಟೆ_ಶೆಡ್ | ಫೆಬ್ರವರಿ 6

ಮನೆಯವಳೂ ಇದನ್ನು ಓದುತ್ತಾಳೆ ತಮ್ಮಾ.

ಇಷ್ಟು ಹೇಳಬಲ್ಲೆ. ಇಂಜಿನ್‌ಗೆ ಕೊಟ್ಟಿದ್ದರ ಮೂರು ಪಟ್ಟು ಅದರ ಸುತ್ತಲಿನ ಚಿಲ್ಲರೆ ಸಾಮಾನಿಗೆ ಹೋಯಿತು. ಅದಕ್ಕಿಂತ ಜಾಸ್ತಿ ಟಿಂಕರಿಂಗ್‌ಗೆ. ಬಾಗಿಲ ಕೆಳಗಿನ ಪಟ್ಟಿ ಇದೆಯಲ್ಲ, ಸಿಲ್ ಅಂತಾರೆ, ಎರಡೂ ಕಡೆ ಹಪ್ಪಳದ ಹಾಗೆ ಪುಡಿಪುಡಿ. ಟಿಂಕರ್ ಗ್ಯಾಸ್ ಕಟ್ಟರ್ ಹಿಡಿದು ಹೊರಟೇಬಿಟ್ಟಿದ್ದರು. ತಡೆದೆ. ಹೆರಾಲ್ಡ್‌ನಲ್ಲಿ ಸಿಲ್ ಬರೀ ಅಲಂಕಾರ, ಕತ್ತರಿಸಿದರೂ ನಡೆಯುತ್ತದೆ. ಸ್ಪಿಟ್‌ಫೈರ್‌ನಲ್ಲಿ ಬಾಡಿಯ ಬಲ ಇರುವುದೇ ಅಲ್ಲಿ. ತಲೆಯ ಮೇಲೆ ತಗಡಿನ ಟಾಪ್ ಇಲ್ಲ ನೋಡಿ. ಸುಮ್ನೆ ಕತ್ತರಿಸಿದರೆ ಬಾಡಿ ನಡುವಿನಲ್ಲಿ ಬಾಗುತ್ತದೆ, ಆಮೇಲೆ ಬಾಗಿಲು ಜನ್ಮದಲ್ಲಿ ಮುಚ್ಚುವುದಿಲ್ಲ. ಮೊದಲು ಬಾಗಿಲ ಸಂದಿಗೆ ಅಡ್ಡಡ್ಡ ಪೈಪ್ ವೆಲ್ಡ್ ಮಾಡಿ, ಒಂದು ಕಡೆ ಕತ್ತರಿಸಿ, ಹೊಸ ತಗಡು ಕೂರಿಸಿ, ಬಾಗಿಲು ಹಾಕಿ ನೋಡಿ, ಆಮೇಲೆ ಇನ್ನೊಂದು ಕಡೆ. ಇದೊಂದಕ್ಕೇ ನಾಲ್ಕು ತಿಂಗಳು.

ಗೇರ್‌ಬಾಕ್ಸ್‌ನಲ್ಲೂ ಒಂದು ಏಟು ತಿಂದೆ. ಮಾರಿದವರು ‘ಶೋರೂಮ್ ಕಂಡೀಷನ್’ ಎಂದರು. ಎರಡನೇ ಗೇರು ಬೀಳುವಾಗ ಅಕ್ಕಿ ಗಿರಣಿಯ ಸದ್ದು. ಗೇರನ್ನು ಸದ್ದಿಲ್ಲದೆ ಕೂರಿಸುವ ಸಿಂಕ್ರೊ ರಿಂಗ್ ಪೂರ್ತಿ ಹೋಗಿತ್ತು. ಕೂರಿಸುವ ಮುಂಚೆಯೇ ಬಿಚ್ಚಿ ನೋಡಬೇಕಿತ್ತು, ನನ್ನದೇ ಬುದ್ಧಿಗೇಡಿತನ.

ಮಂಡ್ಯ_ಜಿಪ್ಸಿ | ಫೆಬ್ರವರಿ 7

ಸ್ಪೀಡೋಮೀಟರ್ ವಿಷಯ ನಾನು ಹೇಳುತ್ತೇನೆ. ಹತ್ತು ವರ್ಷ ಜಿಪ್ಸಿ ಜೊತೆ ಬಾಳಿದವನು.

ಜಿಪ್ಸಿಯಲ್ಲಿ ಗೇರ್‌ಬಾಕ್ಸ್ ಬೇರೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಬಾಕ್ಸ್ ಬೇರೆ. ನಡುವೆ ಗಿಡ್ಡ ಶಾಫ್ಟ್ ಒಂದಿದೆ. ಹಾಗಿರುವುದರಿಂದಲೇ ನೀವು ಟ್ರಾನ್ಸ್‌ಫರ್ ಬಾಕ್ಸ್ ಬಿಟ್ಟು ಬರೀ ಗೇರ್‌ಬಾಕ್ಸ್ ಹಾಕಲು ಆಯಿತು. ಆದರೆ ಸ್ಪೀಡೋಮೀಟರ್ ಕೇಬಲ್ ಸಿಕ್ಕಿಸುವುದು ಆ ಟ್ರಾನ್ಸ್‌ಫರ್ ಬಾಕ್ಸಿಗೆ! ಅದನ್ನು ಬಿಟ್ಟರೆ ಕೇಬಲ್‌ಗೆ ದಿಕ್ಕಿಲ್ಲ. ಗೇರ್‌ಬಾಕ್ಸ್ ಮೇಲೆ ಎಷ್ಟು ಹುಡುಕಿದರೂ ಸಿಗಲ್ಲ.

ಇದಕ್ಕೆ ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಫ್ಲ್ಯಾಂಜ್‌ಗೆ (ತುದಿಯ ತಟ್ಟೆಗೆ) ಸಣ್ಣ ಮ್ಯಾಗ್ನೆಟ್ ಅಂಟಿಸಿ ಎದುರಿಗೆ ಸೆನ್ಸರ್ ಇಡಿ. ಆ ಸಿಗ್ನಲ್ ತಗೊಂಡು ಸಣ್ಣ ಮೋಟರ್‌ನಿಂದ ಹಳೇ ಕೇಬಲ್ಲನ್ನೇ ತಿರುಗಿಸುವ ಡಬ್ಬಿ ಬರುತ್ತದೆ. ಸ್ಮಿತ್ಸ್ ಮೀಟರ್ ಹಾಗೇ ಉಳಿಯುತ್ತದೆ. ಮೀಟರ್ ಡಯಲ್‌ನ ಕೆಳಗೆ ಸಣ್ಣದಾಗಿ ಒಂದು ಅಂಕಿ ಇರುತ್ತದೆ ನೋಡಿ, ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ಎಂದು. ಆ ಅಂಕಿ ಮತ್ತು ಡಿಫ್ರೆನ್ಶಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರಿನ ಗಡ್ಡೆ) ಅನುಪಾತ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಎಂಬುದು ಗೊತ್ತಿದ್ದರೆ ಡಬ್ಬಿಯನ್ನು ಹೊಂದಿಸಬಹುದು.

ಹಾಂ, ಪೆಟ್ರೋಲ್ ಬಗ್ಗೆ. ಎಂಪಿಎಫ್‌ಐಗೆ ಸುಮಾರು 3 ಬಾರ್ ಒತ್ತಡ ಬೇಕು. ಕಾರ್ಬ್ಯುರೇಟರ್ ಕಾಲದ ಪಂಪು ಅದರ ಹತ್ತರಲ್ಲಿ ಒಂದು ಪಾಲೂ ಕೊಡುವುದಿಲ್ಲ. ಹಳೇ ಟ್ಯಾಂಕ್‌ನಲ್ಲಿ ಒಳ ತಡೆಗಳೂ ಇಲ್ಲ. ತಿರುವಿನಲ್ಲಿ ಪೆಟ್ರೋಲ್ ಒಂದು ಪಕ್ಕಕ್ಕೆ ಹೋಗಿ ಪಂಪು ಗಾಳಿ ಕುಡಿಯುತ್ತದೆ. ನಡುವೆ ಒಂದು ಲೀಟರಿನ ಸಣ್ಣ ಟ್ಯಾಂಕ್ ಇಟ್ಟಿದ್ದೀರಾ? ಈಗ ಬಂಕ್‌ನಲ್ಲಿ ಬರುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಅದು ನೀರು ಹೀರುತ್ತದೆ, ಹಳೇ ರಬ್ಬರ್ ಪೈಪನ್ನು ಉಬ್ಬಿಸುತ್ತದೆ, ಟ್ಯಾಂಕ್‌ನ ಹಳೇ ಗಸಿಯನ್ನೆಲ್ಲ ಎಬ್ಬಿಸಿ ಇಂಜೆಕ್ಟರ್‌ಗೆ ಕಳಿಸುತ್ತದೆ. ಪೈಪ್ ಎಲ್ಲ ಇಂಜೆಕ್ಷನ್ ಗಾಡಿಯದ್ದೇ ಹಾಕಿ. ಕ್ಲಿಪ್ಪೂ ಅಷ್ಟೇ, ಮೂರು ರೂಪಾಯಿಯ ಕ್ಲಿಪ್ ಬೇಡ.

ಪೀಣ್ಯ_ಲೇತ್ | ಫೆಬ್ರವರಿ 7

ಮಂಡ್ಯದವರು ಸರಿಯಾದ ಜಾಗಕ್ಕೇ ಬಂದರು. ಡಿಫ್ರೆನ್ಶಿಯಲ್ ಅನುಪಾತ. ಶೆಡ್ ಸರ್, ನಿಮ್ಮದು ಎಷ್ಟು? ಟಯರ್ ಅಳತೆ ಏನು?

ಚಾಮರಾಜಪೇಟೆ_ಶೆಡ್ | ಫೆಬ್ರವರಿ 7

ಟಯರ್ 155/80 ಆರ್ 13. ಡಿಫ್ರೆನ್ಶಿಯಲ್ ಬಿಚ್ಚಿಲ್ಲ, ಎಣ್ಣೆ ಬದಲಾಯಿಸಿ ಬಿಟ್ಟೆ. ಸ್ಪಿಟ್‌ಫೈರ್‌ನದ್ದು 4.11 ಎಂದು ಓದಿದ್ದೇನೆ. ಸಣ್ಣ ಟ್ಯಾಂಕ್ ಇಟ್ಟಿದ್ದೇನೆ ಮಂಡ್ಯ ಸರ್, ಡಿಕ್ಕಿಯಲ್ಲಿ. ಕ್ಲಿಪ್ ಮಾತ್ರ ಮೂರು ರೂಪಾಯಿಯದ್ದೇ. ನಾಳೆಯೇ ಬದಲಾಯಿಸುತ್ತೇನೆ.

ಪೀಣ್ಯ_ಲೇತ್ | ಫೆಬ್ರವರಿ 8

ಈಗ ಲೆಕ್ಕ ನೋಡಿ. ಈ ಟಯರ್ ಒಂದು ಸುತ್ತಿಗೆ ಸುಮಾರು 1.82 ಮೀಟರ್ ಹೋಗುತ್ತದೆ. ಗಂಟೆಗೆ 40 ಕಿ.ಮೀ. ಎಂದರೆ ನಿಮಿಷಕ್ಕೆ 667 ಮೀಟರ್. ಚಕ್ರ ನಿಮಿಷಕ್ಕೆ 367 ಸುತ್ತು. ಜಿಪ್ಸಿ ಬಾಕ್ಸ್‌ನಲ್ಲಿ ನಾಲ್ಕನೇ ಗೇರು ನೇರ, ಒಂದಕ್ಕೊಂದು. ಡಿಫ್ರೆನ್ಶಿಯಲ್ 4.11 ಆಗಿದ್ದರೆ ಇಂಜಿನ್ 1,510ರ ಹತ್ತಿರ ಇರಬೇಕು. ನೀವು ಹೇಳುವುದು 1,800.

ಕ್ಲಚ್ ಜಾರುತ್ತಿದೆ ಎನ್ನಲು 40ರಲ್ಲಿ, ಖಾಲಿ ರಸ್ತೆಯಲ್ಲಿ ಅಷ್ಟು ಜಾರುವುದಿಲ್ಲ. 1,800ನ್ನು 367ರಿಂದ ಭಾಗಿಸಿ. 4.9. ಹೆರಾಲ್ಡ್ 948ರ ಡಿಫ್ರೆನ್ಶಿಯಲ್ ಎಷ್ಟು ಗೊತ್ತಾ? 4.875.

ನಿಮ್ಮ ಶಿಸ್ತಿನ ಮನುಷ್ಯರು ಇಂಜಿನ್ ಒಂದನ್ನೇ ಹಾಕಿದ್ದಲ್ಲ ಅನಿಸುತ್ತಿದೆ. ಸಣ್ಣ ಇಂಜಿನ್ನಿಗೆ ಗಾಡಿ ಎಳೆಯಲಿ ಎಂದು ಹಿಂದಿನ ಗಡ್ಡೆಯನ್ನೂ ಹೆರಾಲ್ಡ್‌ನದ್ದೇ ಹಾಕಿದ್ದಾರೆ. ಆ ಕಾಲಕ್ಕೆ ಅದು ಜಾಣತನವೇ.

ಸಂಶಯ ಬಿಡಿಸಿಕೊಳ್ಳಲು ಬಿಚ್ಚಬೇಕಿಲ್ಲ. ಹಿಂದಿನ ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಕೊಡಿ, ಜಾಕ್ ಮೇಲೆ ನಂಬಿಕೆ ಇಡಬೇಡಿ. ಒಂದು ಚಕ್ರ ಅಲುಗದಂತೆ ಹಿಡಿಯಿರಿ. ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್‌ಗೆ ಸೀಮೆಸುಣ್ಣದ ಗೆರೆ ಹಾಕಿ ಅದು ಎಷ್ಟು ಸುತ್ತುತ್ತದೆ ಎಣಿಸಿ. ನಾಲ್ಕು ಸುತ್ತು ಚಿಲ್ಲರೆ ಬಂದರೆ 4.11. ಐದಕ್ಕೆ ಸ್ವಲ್ಪ ಕಮ್ಮಿ ಬಂದರೆ ನಾನು ಹೇಳಿದ್ದು.

ವೈರಿಂಗ್_ಅಕ್ಕ | ಫೆಬ್ರವರಿ 8

ಕುದಿಯುವುದರ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲ. ರೇಡಿಯೇಟರ್ ಯಾವುದು? ಫ್ಯಾನ್ ಯಾವುದು? ಬ್ಯಾಟರಿಯ ಪ್ಲಸ್, ಮೈನಸ್‌ನಲ್ಲಿ ಯಾವುದನ್ನು ಗಾಡಿಯ ತಗಡಿನ ಬಾಡಿಗೆ ಜೋಡಿಸಿದ್ದೀರಿ?

ಕೊನೆಯ ಪ್ರಶ್ನೆಗೆ ಕಾರಣ ಇದೆ. ಮಾರ್ಕ್ 2 ತನಕ ಈ ಗಾಡಿಗಳಿಗೆ ಪಾಸಿಟಿವ್ ಅರ್ತ್. ಪ್ಲಸ್ಸು ಬಾಡಿಗೆ. ಜಿಪ್ಸಿ ಇಂಜಿನ್, ಅದರ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಆಲ್ಟರ್ನೇಟರ್ ಎಲ್ಲ ಮೈನಸ್ ಬಾಡಿಗೆ.

ಚಾಮರಾಜಪೇಟೆ_ಶೆಡ್ | ಫೆಬ್ರವರಿ 8

ಮೈನಸ್ ಬಾಡಿಗೆ ಮಾಡಿದ್ದೇನೆ ಅಕ್ಕಾ. ಡೈನಮೊ, ಕಟ್‌ಔಟ್ ತೆಗೆದೆ. ಇಂಜಿನ್ ವೈರಿಂಗ್ ಪೂರ್ತಿ ಜಿಪ್ಸಿಯದ್ದು, ಲೈಟು, ಹಾರ್ನು ಹಳೇ ಲೂಕಸ್ ವೈರಿಂಗ್‌ನಲ್ಲೇ. ರೇಡಿಯೇಟರ್ ಮಾರುತಿ 800ದ್ದು, ಜಾಗಕ್ಕೆ ಸರಿಹೋಯಿತು. ಫ್ಯಾನ್ ಗುಜರಿಯಿಂದ ತಂದ ಎಲೆಕ್ಟ್ರಿಕ್ ಫ್ಯಾನ್, ರೇಡಿಯೇಟರ್ ಹಿಂದೆ. ವೈರ್ ಬಣ್ಣ ಮಾಸಿಹೋಗಿತ್ತು. ತಿರುಗುತ್ತಿದೆ, ಜೋರಾಗಿಯೇ.

ವೈರಿಂಗ್_ಅಕ್ಕ | ಫೆಬ್ರವರಿ 9

ತಿರುಗಿದರೆ ಸಾಲದು. ಯಾವ ಕಡೆಗೆ ತಿರುಗುತ್ತಿದೆ? ಫ್ಯಾನ್ ಹಾಕಿ, ಗ್ರಿಲ್ ಮುಂದೆ ಒಂದು ಹಾಳೆ ದಿನಪತ್ರಿಕೆ ಹಿಡಿಯಿರಿ. ಪೇಪರ್ ರೇಡಿಯೇಟರ್‌ಗೆ ಅಂಟಿಕೊಳ್ಳಬೇಕು. ಹಾರಿ ನಿಮ್ಮ ಮುಖಕ್ಕೆ ಬಂದರೆ ವೈರ್ ಅದಲು ಬದಲು. ಈ ಮೋಟರ್‌ಗೆ ಪ್ಲಸ್ ಮೈನಸ್ ತಿರುಗಿಸಿದರೆ ಅದೂ ಉಲ್ಟಾ ತಿರುಗುತ್ತದೆ, ಸದ್ದು ಮಾತ್ರ ಅದೇ. ಓಡುವಾಗ ಮುಂದಿನಿಂದ ಬರುವ ಗಾಳಿಗೆ ಇದು ಎದುರು ಊದುತ್ತದೆ. ನಿಂತಾಗ ಇಂಜಿನ್ನಿನ ಬಿಸಿ ಗಾಳಿಯನ್ನೇ ರೇಡಿಯೇಟರ್‌ಗೆ ಊದುತ್ತದೆ.

ಎರಡನೆಯದು, 800ರ ರೇಡಿಯೇಟರ್ 796 ಸಿಸಿಗೆ ಮಾಡಿದ್ದು. ನಿಮ್ಮದು 1298. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹಿಡಿದು ಕುದಿಯದಂತೆ ತಡೆಯುವ ರೇಡಿಯೇಟರ್ ಕ್ಯಾಪ್‌ನ ಸ್ಪ್ರಿಂಗ್ ಸೋತಿದ್ದರೆ ಕಥೆ ಮುಗಿಯಿತು, ಹೊಸ ಕ್ಯಾಪ್ ಹಾಕಿ. ಮತ್ತೆ ಸ್ಪಿಟ್‌ಫೈರ್ ಮೂತಿ ತಗ್ಗು. ರೇಡಿಯೇಟರ್ ಬಾಯಿ ಇಂಜಿನ್ ಹೆಡ್‌ಗಿಂತ ಕೆಳಗಿದ್ದರೆ ಗಾಳಿ ಹೆಡ್‌ನಲ್ಲೇ ಉಳಿಯುತ್ತದೆ. ನೀರು ತುಂಬಿದೆ ಎಂದು ನೀವು ಅಂದುಕೊಳ್ಳುತ್ತೀರಿ, ಹೆಡ್ ಒಣಗಿರುತ್ತದೆ. ಎಲ್ಲಕ್ಕಿಂತ ಎತ್ತರದಲ್ಲಿ ಒಂದು ಸಣ್ಣ ಟ್ಯಾಂಕ್ ಇಟ್ಟು ಅಲ್ಲಿಂದ ತುಂಬಿ.

ಲೂಕಸ್ ವೈರಿಂಗ್ ಉಳಿಸಿಕೊಂಡಿದ್ದೀರಿ ಎಂದು ಓದಿ ಕಾಫಿ ಗಂಟಲಲ್ಲಿ ಸಿಕ್ಕಿತು. ಅರವತ್ತು ವರ್ಷದ ತಂತಿ. ಫ್ಯೂಸಿನ ರಕ್ಷಣೆಯೂ ಅಷ್ಟಕ್ಕಷ್ಟೇ, ಹೆಡ್‌ಲೈಟ್‌ಗೆ ಅದೂ ಇಲ್ಲ. ಹೆಗ್ಗಣ ಸಂಸಾರದ ಕಥೆ ನೀವೇ ಹೇಳಿದ್ದೀರಿ. ಅವು ಸೀಟು ಮಾತ್ರ ತಿಂದವು ಎಂದು ಹೇಗೆ ನಂಬುತ್ತೀರಿ? ಎಸ್‌.ಪಿ. ರಸ್ತೆಗೆ ಹೋಗಿ ರಿಲೇ, ಫ್ಯೂಸ್ ಬಾಕ್ಸ್, ಹೊಸ ವೈರ್ ತನ್ನಿ. ಬಣ್ಣ ಮಾತ್ರ ಹಳೆಯದ್ದೇ ಇಟ್ಟುಕೊಳ್ಳಿ, ಮುಂದೆ ಯಾರಾದರೂ ಪುಸ್ತಕ ನೋಡಿ ರಿಪೇರಿ ಮಾಡುವಂತಿರಲಿ. ಇಂಜಿನ್‌ನಿಂದ ಬಾಡಿಗೆ ದಪ್ಪ ಅರ್ತ್ ಪಟ್ಟಿ ಇದೆಯಾ? ರಬ್ಬರ್ ಮೇಲೆ ಕೂತ ಇಂಜಿನ್‌ಗೆ ಅದು ಇಲ್ಲದಿದ್ದರೆ ಸೆಲ್ಫ್ ಹೊಡೆದಾಗ ಕರೆಂಟು ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಕೇಬಲ್ ಕೆಂಪಗೆ ಕಾದದ್ದನ್ನು ನಾನೇ ನೋಡಿದ್ದೇನೆ.

ಚಾಮರಾಜಪೇಟೆ_ಶೆಡ್ | ಫೆಬ್ರವರಿ 11

ಪೇಪರ್ ಮುಖಕ್ಕೇ ಬಂತು ಅಕ್ಕಾ. ಮಗಳು ನಕ್ಕಿದ್ದು ಇನ್ನೂ ನಿಂತಿಲ್ಲ.

ವೈರ್ ತಿರುಗಿಸಿದೆ. ಇಪ್ಪತ್ತು ನಿಮಿಷ ಈಗ ನಲವತ್ತಾಯಿತು. ಕುದಿಯುವುದು ಪೂರ್ತಿ ನಿಂತಿಲ್ಲ, ಬಾಯಿ ಹೆಡ್‌ಗಿಂತ ಎರಡು ಬೆರಳು ಕೆಳಗೇ ಇದೆ. ದೊಡ್ಡ ರೇಡಿಯೇಟರ್ ಕಟ್ಟಿಸಲು ಕಲಾಸಿಪಾಳ್ಯದಲ್ಲಿ ಕೊಟ್ಟಿದ್ದೇನೆ. ಅರ್ತ್ ಪಟ್ಟಿ ಇರಲಿಲ್ಲ. ಹಾಕಿದೆ. ಲೂಕಸ್ ವೈರ್ ಸುಲಿದು ನೋಡಿದರೆ ಮೂರು ಕಡೆ ತಾಮ್ರ ಬಯಲು. ಹಲ್ಲಿನ ಗುರುತೂ ಇದೆ.

ಸೀಮೆಸುಣ್ಣದ ಪರೀಕ್ಷೆಯೂ ಆಯಿತು. ಮೂರು ಸಲ ಎಣಿಸಿದೆ. ಐದಕ್ಕೆ ಸ್ವಲ್ಪ ಕಮ್ಮಿ. ಲೇತ್ ಸರ್, ನೀವು ಪೀಣ್ಯದಲ್ಲಿ ಕೂತೇ ನನ್ನ ಗಾಡಿಯ ಹೊಟ್ಟೆಯೊಳಗೆ ಇಣುಕಿದಿರಿ.

ಪೀಣ್ಯ_ಲೇತ್ | ಫೆಬ್ರವರಿ 11

ಹಿಂದಿನ ಮುಚ್ಚಳ ಬಿಚ್ಚಿದರೆ ದೊಡ್ಡ ಗೇರಾದ ಕ್ರೌನ್‌ನಲ್ಲಿ 39 ಹಲ್ಲು, ಅದನ್ನು ತಿರುಗಿಸುವ ಸಣ್ಣ ಪಿನಿಯನ್‌ನಲ್ಲಿ 8 ಸಿಗುತ್ತದೆ. 4.11ಕ್ಕೆ 37 ಮತ್ತು 9.

ಹಾಗೇ ಓಡಿಸಬಹುದಾ ಎಂದು ಕೇಳುತ್ತೀರಿ, ಗೊತ್ತು. ಐದನೇ ಗೇರು 0.795. 4.875 ಜೊತೆ ಗುಣಿಸಿದರೆ 3.88, ಹಳೇ ಸ್ಪಿಟ್‌ಫೈರ್‌ನ ಟಾಪ್ ಗೇರಿಗಿಂತ ಆರಾಮವೇ. ಹೆದ್ದಾರಿಗೆ ತೊಂದರೆ ಇಲ್ಲ. ತೊಂದರೆ ಮೊದಲನೇ ಗೇರಿನಲ್ಲಿ. 3.652 ಗುಣಿಸು 4.875, ಸುಮಾರು 17.8. ಗಾಡಿ 700 ಕಿಲೋ ಚಿಲ್ಲರೆ. ಹೊರಡುವಷ್ಟರಲ್ಲಿ ಎರಡನೇದು ಹಾಕಬೇಕು. ಸಿಗ್ನಲ್‌ನಲ್ಲಿ ಇದೇ ಕೆಲಸ. ಇನ್ನೊಂದು, ಆ ಗಡ್ಡೆ 948ರ ಅಳತೆಗೆ ಮಾಡಿದ್ದು. ಜಿಪ್ಸಿ ಇಂಜಿನ್ 103 ನ್ಯೂಟನ್ ಮೀಟರ್ ಕೊಡುತ್ತದೆ. ಮೊದಲನೇ ಗೇರಿನಲ್ಲಿ ಕ್ಲಚ್ ಜಾಡಿಸಿ ಬಿಟ್ಟರೆ ಒಂದು ದಿನ ಎಂಟು ಹಲ್ಲಿನ ಪಿನಿಯನ್ ಏಳಾಗುತ್ತದೆ.

ಶಾಫ್ಟ್ ನಡುಗುತ್ತದೆಯಾ?

ಚಾಮರಾಜಪೇಟೆ_ಶೆಡ್ | ಫೆಬ್ರವರಿ 12

ಮೊದಲು ನಡುಗುತ್ತಿತ್ತು. ಗಿಡ್ಡ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದ ಮೇಲೂ ಹಲ್ಲು ಕಟಕಟ. ಆಮೇಲೆ ಗೊತ್ತಾಯಿತು, ವೆಲ್ಡ್ ಮಾಡುವಾಗ ಎರಡು ತುದಿಯ ಯೋಕ್ (ಮಡಚುವ ಕ್ರಾಸನ್ನು ಹಿಡಿಯುವ ಕವೆ) ಒಂದೇ ನೇರಕ್ಕೆ ಬಂದಿರಲಿಲ್ಲ. ಒಂದು ಕ್ರಾಸ್ ಮಾಡಿದ ಏರಿಳಿತವನ್ನು ಇನ್ನೊಂದು ಕಳೆಯಬೇಕು, ಇಲ್ಲಿ ಎರಡೂ ಸೇರಿ ಕುಣಿಯುತ್ತಿದ್ದವು. ಕತ್ತರಿಸಿ ಮತ್ತೆ ಕೂಡಿಸಿದರು. ಗೇರ್‌ಬಾಕ್ಸ್ ಹಿಂದಿನ ಫೌಂಡೇಶನ್ ಕೆಳಗೆ 6 ಮಿ.ಮೀ. ಪಟ್ಟಿ ಕೊಟ್ಟು ಎರಡೂ ತುದಿಯ ಕೋನ ಸಮ ಮಾಡಿದೆ. ಈಗ ಶಾಂತ.

ಮಂಡ್ಯ_ಜಿಪ್ಸಿ | ಫೆಬ್ರವರಿ 12

80 ಎಚ್‌ಪಿ ಹಾಕಿ ನಂದಿ ಬೆಟ್ಟ ಹತ್ತಿಸುವ ಕನಸು ಇದ್ದರೆ ಮೊದಲು ಬ್ರೇಕ್ ನೋಡಿ. ಮುಂದೆ ಡಿಸ್ಕ್ ಇದೆ, ಸರಿ. ಆದರೆ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಒಂದು ಪೈಪ್ ಸೋರಿದರೆ ಪೆಡಲ್ ನೆಲ ಮುಟ್ಟುತ್ತದೆ. ಮುಂದಿನದು, ಹಿಂದಿನದು ಬೇರೆ ಬೇರೆ ಆಗುವ ಜೋಡಿ ಮಾಸ್ಟರ್ ಸಿಲಿಂಡರ್ ಹಾಕಿ.

ಇಳಿಯುವಾಗ ಇನ್ನೊಂದು ಎಚ್ಚರ. ಇದರ ಹಿಂದಿನ ಆಕ್ಸಲ್ ನಡುವಿನಲ್ಲಿ ಮಾತ್ರ ಮಡಚುತ್ತದೆ, ಮೇಲೆ ಅಡ್ಡ ಪಟ್ಟಿ ಸ್ಪ್ರಿಂಗ್. ತಿರುವಿಗೆ ಜೋರಾಗಿ ನುಗ್ಗಿ, ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಎದ್ದು ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಬಾಲ ಮುಂದೆ ಬರುತ್ತದೆ. ತಿರುವಿನ ಮುಂಚೆಯೇ ನಿಧಾನ ಮಾಡಿ, ಒಳಗೆ ಹೋದ ಮೇಲೆ ಕಾಲು ಎತ್ತಬೇಡಿ.

ಜೋಡಿ_ಎಸ್‌ಯು | ಫೆಬ್ರವರಿ 14

ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ನನ್ನ ಮಲ್ಲೇಶ್ವರದ ಮನೆಯ ಅಟ್ಟದಲ್ಲಿ 4.11ರ ಡಿಫ್ರೆನ್ಶಿಯಲ್ ಒಂದಿದೆ. ತುಕ್ಕು ಹಿಡಿದು ಚಾಸಿ ಎರಡು ತುಂಡಾದ ಸ್ಪಿಟ್‌ಫೈರ್‌ನಿಂದ ಬಿಚ್ಚಿದ್ದು. ಎಣ್ಣೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದೇನೆ. ಜಿಪ್ಸಿ ಇಂಜಿನ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಪೇಟದ ಕೆಳಗಿನ ಹೆಲ್ಮೆಟ್ಟೇ ಅದು. ಆದರೆ ಸಿಲ್ ಕತ್ತರಿಸುವ ಮುಂಚೆ ಪೈಪ್ ಅಡ್ಡ ಕೊಟ್ಟವರ ಗಾಡಿ ಹೆರಾಲ್ಡ್ ಗಡ್ಡೆಯಲ್ಲಿ ಓಡುವುದು ನನಗೆ ಸರಿ ಅನಿಸುತ್ತಿಲ್ಲ. ದುಡ್ಡು ಬೇಡ. ಒಂದೇ ಷರತ್ತು. ಮೆಟ್ಟಿಲ ಕೆಳಗಿನ ಇಂಜಿನ್‌ಗೆ ಗೋಣಿ ಸುತ್ತಿದ್ದೀರಿ ಎಂದಿರಿ. ಗೋಣಿ ನೀರು ಹೀರುತ್ತದೆ, ತೆಗೆಯಿರಿ. ಬೋರ್‌ಗೆ ಎಣ್ಣೆ ಹಾಕಿ, ಪ್ಲಗ್ ಬಿಗಿದು, ಪ್ಲಾಸ್ಟಿಕ್ ಹೊದಿಸಿ.

ಚಾಮರಾಜಪೇಟೆ_ಶೆಡ್ | ಫೆಬ್ರವರಿ 14

ಸರ್, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಗೋಣಿ ಈಗಲೇ ತೆಗೆದೆ.

ಚಾಮರಾಜಪೇಟೆ_ಶೆಡ್ | ಮಾರ್ಚ್ 22

ತಡವಾಯಿತು, ಕ್ಷಮಿಸಿ.

ಜೋಡಿ ಎಸ್‌ಯು ಸರ್ ಕೊಟ್ಟ ಗಡ್ಡೆ ಕೂತಿತು. ಹಳೆಯದನ್ನು ಬಿಚ್ಚಿದಾಗ 39 ಮತ್ತು 8, ಲೇತ್ ಸರ್ ಹೇಳಿದಂತೆಯೇ. ಅದರ ಮುಚ್ಚಳದ ಒಳಗೆ ಯಾರೋ ಮೊಳೆಯಲ್ಲಿ ಕೊರೆದಿದ್ದಾರೆ, ಕನ್ನಡದಲ್ಲಿ, ‘ಹೆ.’ ಎಂದು. ಮುಂದೆ ಬರುವವನಿಗೆ ಗೊತ್ತಾಗಲಿ ಅಂತ ಬರೆದಿಟ್ಟಿದ್ದಾರೆ, ನಾನೇ ಬಿಚ್ಚಿ ನೋಡಿರಲಿಲ್ಲ. ಜಿಪ್ಸಿ ಗೇರ್‌ಬಾಕ್ಸ್ ಮೇಲೆ ನಾನೂ ‘ಜಿ.’ ಎಂದು ಪೇಂಟ್‌ನಲ್ಲಿ ಬರೆದೆ.

ಹೊಸ ರೇಡಿಯೇಟರ್, ಮೇಲೊಂದು ಟ್ಯಾಂಕ್. ಒಂದು ಗಂಟೆ ನಿಂತಲ್ಲೇ ಬಿಟ್ಟೆ, ಮುಳ್ಳು ನಡುವಿನಿಂದ ಕದಲಲಿಲ್ಲ. ವೈರಿಂಗ್ ಅರ್ಧ ಆಗಿದೆ. ಬ್ರೇಕ್ ಸಿಲಿಂಡರ್ ಬಂದಿದೆ. ಮೊನ್ನೆ ಲೇಔಟ್‌ನಲ್ಲಿ ನಾಲ್ಕನೇ ಗೇರು, 40ಕ್ಕೆ 1,500. ಸ್ಪೀಡೋಮೀಟರ್ ಮುಳ್ಳು ಮೊದಲ ಸಲ ಎದ್ದಿತು. ಅದಕ್ಕೆ ಮೈಲಿ ಲೆಕ್ಕವೇ ಗೊತ್ತಿರುವುದು, 25 ತೋರಿಸಿತು. ಸರಿಯಾಗಿಯೇ ಇದೆ.

ಗಾಡಿಯದ್ದೇ ಆರ್‌ಪಿಎಂ ಮೀಟರ್ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಎಂದು ತೋರಿಸುವುದು) ಮಾತ್ರ ಸತ್ತಂತೆಯೇ. ಅದು ಡಿಸ್ಟ್ರಿಬ್ಯೂಟರ್‌ನಿಂದ ಕೇಬಲ್‌ನಲ್ಲಿ ತಿರುಗುವಂಥದ್ದು. ಹೆರಾಲ್ಡ್ ಕಾಲದಿಂದಲೇ ಅಲ್ಲಾಡಿಲ್ಲ. ಒಳಗಿನದನ್ನು ಎಲೆಕ್ಟ್ರಾನಿಕ್ ಮಾಡಿಸಬೇಕು, ಅಕ್ಕ ದಾರಿ ಹೇಳಬೇಕು. ಅರ್ಜಿಗೆ ತಪಾಸಣೆಗೆ ಕರೆ ಬಂದಿದೆ. ಎರಡೂ ಇಂಜಿನ್ನಿನ ಕಾಗದ ಒಂದೇ ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ.

ಬನಶಂಕರಿ_ಹೊಸಬ | ಮಾರ್ಚ್ 22

ಅಣ್ಣಾ, ಏನೂ ತೊಂದರೆ ಉಳಿದಿಲ್ವಾ ಹಾಗಾದರೆ?

ಚಾಮರಾಜಪೇಟೆ_ಶೆಡ್ | ಮಾರ್ಚ್ 22

ಪಿನಿಯನ್ ಸೀಲ್‌ನಿಂದ ಎಣ್ಣೆ ತೊಟ್ಟಿಕ್ಕುತ್ತಿದೆ. ರಾತ್ರಿಗೆ ಹತ್ತು ಹನಿ.

ಜೋಡಿ_ಎಸ್‌ಯು | ಮಾರ್ಚ್ 22

ಈಗ ಅದು ಟ್ರಯಂಫ್.

ಪೀಣ್ಯ_ಲೇತ್ | ಮಾರ್ಚ್ 23

ಸೀಲ್‌ನ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ವರ್ನಿಯರ್‌ನಲ್ಲಿ ತೆಗೆದು ಕಳಿಸಿ. ಫ್ಲ್ಯಾಂಜ್‌ನ ಕತ್ತಿನಲ್ಲಿ ಗೀರು ಬಿದ್ದಿದ್ದರೆ ಬರೀ ಸೀಲ್ ಹಾಕಿ ಪ್ರಯೋಜನ ಇಲ್ಲ. ಅದನ್ನೂ ಬಿಚ್ಚಿ ತನ್ನಿ.